ಕರಾವಳಿಯ ಮಳೆಗಾಲಕ್ಕೆ ಅಲುಗದ ವೋಲ್ಟೇಜ್: ನನ್ನ ಅನುಭವ

ಮಂಗಳೂರಿನ ಬೈಕಂಪಾಡಿ ಕಡೆಯ ಗೇರುಬೀಜ ಕಾರ್ಖಾನೆ, ಮೀನಿನ ಕೋಲ್ಡ್ ಸ್ಟೋರೇಜುಗಳಲ್ಲಿ ಟೆಂಪರೇಚರ್ ಟ್ರಾನ್ಸ್‌ಮಿಟರ್‌ಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಅದಕ್ಕೆ ಬೇಕಾದ ಕೈಕ್ಯಾಲಿಬ್ರೇಟರನ್ನು (ನಿಖರ ಸಿಗ್ನಲ್ ಕೊಟ್ಟು ತಾಳೆ ನೋಡುವ ಉಪಕರಣವನ್ನು) ನಾನೇ ಕಟ್ಟಿಕೊಂಡೆ. ಬ್ಯಾಟರಿಯಲ್ಲಿ ನಡೆಯಬೇಕು, ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಟ್ಟರೆ ಸಾಕಾಗಬೇಕು, ನಡುವೆ ಶೇಕಡಾ 0.01, ಅಂದರೆ 100 ಪಿಪಿಎಂ (ಹತ್ತು ಲಕ್ಷಕ್ಕೆ 100 ಪಾಲು) ಮೀರಿ ಸರಿಯಬಾರದು. ಇದರ ಭಾರವೆಲ್ಲ ಬೀಳುವುದು ವೋಲ್ಟೇಜ್ ರೆಫರೆನ್ಸ್ ಚಿಪ್ಪಿನ ಮೇಲೆ, ಅಂದರೆ ಅಳತೆಗೆ ಆಧಾರವಾಗಿ ಅಲುಗದ ವೋಲ್ಟೇಜ್ ಕೊಡುವ ಚಿಪ್ಪಿನ ಮೇಲೆ.

ಚಿಪ್ಪು ಆರಿಸುವಾಗ ಎಲ್ಲರೂ ಮೊದಲು ನೋಡುವುದು ಉಷ್ಣತೆ ಒಂದು ಡಿಗ್ರಿ ಬದಲಾದರೆ ವೋಲ್ಟೇಜ್ ಎಷ್ಟು ಪಿಪಿಎಂ ಸರಿಯುತ್ತದೆ ಎಂಬುದನ್ನು. ನನ್ನ ಪೆಟ್ಟಿಗೆ ಕಾಣುವ ಉಷ್ಣತೆ ವರ್ಷವಿಡೀ ಸೇರಿ 20ರಿಂದ 35 ಡಿಗ್ರಿ. 10 ಪಿಪಿಎಂ ಚಿಪ್ಪಾದರೆ 150 ಆಗಿ ಲೆಕ್ಕ ತಪ್ಪುತ್ತದೆ. 2 ಪಿಪಿಎಂ ಆದರೆ 30ರಲ್ಲಿ ಮುಗಿಯಿತು. ಅಂಥ ಚಿಪ್ಪುಗಳು ಹಲವಿವೆ. ಆರಂಭದ ನಿಖರತೆಗೆ ನಾನು ಹೆಚ್ಚು ದುಡ್ಡು ಸುರಿಯಲಿಲ್ಲ. ಹೇಗೂ ಅಳೆದು ತಿದ್ದುತ್ತೇವಲ್ಲ.

ನಮ್ಮಲ್ಲಿ ಕಾಟ ಕೊಡುವುದು ಸೆಕೆಗಿಂತ ಪಸೆ. ಪ್ಲಾಸ್ಟಿಕ್ ಪ್ಯಾಕೇಜಿನ (ಚಿಪ್ಪಿನ ಹೊರಕವಚದ) ಎಪಾಕ್ಸಿ ತೇವ ಹೀರಿ, ಆಟಿ ತಿಂಗಳ ಮಳೆಯಲ್ಲಿ ಮರದ ಬಾಗಿಲು ಉಬ್ಬಿದ ಹಾಗೆ ಉಬ್ಬುತ್ತದೆ. ಒಳಗಿನ ಸಿಲಿಕಾನ್ ಮೇಲೆ ಒತ್ತಡ ಬಿದ್ದು ವೋಲ್ಟೇಜ್ ಹತ್ತಾರು ಪಿಪಿಎಂ ಸರಿಯುತ್ತದೆ; ಗಾಳಿ ಒಣಗಿದಂತೆ ನಿಧಾನಕ್ಕೆ ಹಿಂದಿರುಗುತ್ತದೆ. ಚಿಪ್ಪಿನ ವಿವರ ಕೊಡುವ ಡೇಟಾಶೀಟಿನ ಮೊದಲ ಪುಟದಲ್ಲಿ ಇದರ ಸುದ್ದಿ ಇರುವುದು ಅಪರೂಪ. ಮೇಲೆ ಬಳಿಯುವ ಕೋಟಿಂಗ್ ತೇವವನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ ಊರಲ್ಲಿ ಬರೇ ತಡಮಾಡಿ ಏನು ಪ್ರಯೋಜನ?

ಹಾಗಾಗಿ ಗಾಳಿಯಾಡದಂತೆ ಮುಚ್ಚಿದ ಪ್ಯಾಕೇಜನ್ನೇ ಹುಡುಕಿದೆ. ಲೋಹದ ಡಬ್ಬಿಯ ಎಲ್ಎಂ399 ನನಗೆ ಇಷ್ಟದ ಚಿಪ್ಪು. ಒಳಗೇ ಹೀಟರ್ ಇದೆ, ಡಿಗ್ರಿಗೆ ಸುಮಾರು ಅರ್ಧ ಪಿಪಿಎಂ. ಆದರೆ ಆ ಹೀಟರಿಗೇ ಸುಮಾರು ಕಾಲು ವ್ಯಾಟ್ ಬೇಕು, ಆನ್ ಮಾಡಿದ ಕ್ಷಣ ಇನ್ನೂ ಹೆಚ್ಚು. ಮೇಜಿನ ಮೇಲಿನ ಉಪಕರಣಕ್ಕೆ ಸರಿ, ಬ್ಯಾಟರಿಗೆ ಭಾರ. ಕೊನೆಗೆ ಎಲ್‌ಟಿಸಿ6655ರ ಸೆರಾಮಿಕ್ ಪ್ಯಾಕೇಜಿಗೆ, ಅಂದರೆ ಎಲ್ಎಸ್8ಗೆ ನಿಂತೆ. ಒಳ್ಳೆಯ ಗ್ರೇಡಿನಲ್ಲಿ ಡಿಗ್ರಿಗೆ ಹೆಚ್ಚೆಂದರೆ 2 ಪಿಪಿಎಂ, ನಾಯ್ಸ್ (ವೋಲ್ಟೇಜಿನ ಸಣ್ಣ ಅದುರಾಟ) ಕಾಲು ಪಿಪಿಎಂ. ಅದೇ ಚಿಪ್ಪು ಪ್ಲಾಸ್ಟಿಕ್‌ನಲ್ಲೂ ಸಿಗುತ್ತದೆ, ಅಗ್ಗ ಕೂಡ. ಆರ್ಡರ್ ಮಾಡುವಾಗ ಹೆಸರಿನ ಬಾಲದ ಅಕ್ಷರಗಳನ್ನು ಗಮನಿಸಿ.

ಚಿಪ್ಪು ಮುಚ್ಚಿದ್ದಾದರೂ ಅದು ಕೂತ ಬೋರ್ಡು ತೇವ ಹೀರಿ ಬಾಗುತ್ತದೆ. ಅದಕ್ಕೆ ಚಿಪ್ಪಿನ ಮೂರು ಬದಿಗೆ ಸೀಳು ಕೊಯ್ದೆ, ಬೋರ್ಡಿನ ಒತ್ತಡ ಅಲ್ಲಿಗೆ ತಲುಪದ ಹಾಗೆ. ಬೆಸುಗೆಗೆ ಹಚ್ಚುವ ಫ್ಲಕ್ಸನ್ನು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ) ಚೆನ್ನಾಗಿ ತೊಳೆದೆ. ಮಳೆಗಾಲದಲ್ಲಿ ಉಳಿದ ಫ್ಲಕ್ಸೇ ಕರೆಂಟ್ ಸೋರುವ ದಾರಿ. ರೆಫರೆನ್ಸಿನ 2.5 ವೋಲ್ಟನ್ನು ರೆಸಿಸ್ಟರ್ ಹಾಕಿ ಏರಿಸಲು ಹೋಗಲಿಲ್ಲ, ನೇರ ಡಿಎಸಿಗೇ (ಅಂಕಿಯನ್ನು ವೋಲ್ಟೇಜಾಗಿಸುವ ಚಿಪ್ಪಿಗೇ) ಕೊಟ್ಟೆ. ಸಾಧಾರಣ ರೆಸಿಸ್ಟರುಗಳ ಸರಿದಾಟ ಚಿಪ್ಪಿನದ್ದನ್ನೂ ಮೀರಿಸುತ್ತದೆ.

ಬೆಸುಗೆ ಆದ ಮೇಲೆ ಲ್ಯಾಬಿಗೆ ಕೊಡುವ ಮುಂಚೆ ಸಾವಿರ ಗಂಟೆಗೂ ಮಿಕ್ಕಿ ಚಾಲೂ ಇಟ್ಟೆ. ಚಿಪ್ಪು ಹೆಚ್ಚು ಸರಿಯುವುದು ಮೊದಮೊದಲ ದಿನಗಳಲ್ಲೇ; ಆಮೇಲಿನ ಸರಿತ ಕಡಿಮೆಯಾಗುತ್ತ ಬರುತ್ತದೆ.

ತೂಕದ ಯಂತ್ರ ಕಟ್ಟುವವರು ಇಷ್ಟು ತಲೆಬಿಸಿ ಮಾಡಬೇಕಿಲ್ಲ. ಲೋಡ್ ಸೆಲ್ಲಿಗೆ (ಭಾರ ಅಳೆಯುವ ಸೆನ್ಸರಿಗೆ) ಕೊಡುವ ವೋಲ್ಟೇಜನ್ನೇ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿನ) ರೆಫರೆನ್ಸಿಗೂ ಕೊಟ್ಟರೆ ಎರಡೂ ಒಟ್ಟಿಗೆ ಏರಿಳಿದು ಓದಿಕೆ ಹಾಗೇ ನಿಲ್ಲುತ್ತದೆ. ಅಲ್ಲಿ ದುಬಾರಿ ಚಿಪ್ಪು ಹಾಕುವುದು ದಂಡ.