ಸೇನಾ ಶಿಬಿರದಲ್ಲಿ ಹೊಸ ಸೋಂಕುಗಳ ಮೇಲೆ ನಿಗಾ ಇಡುವ ಬಗೆ

ತರಬೇತಿ ಶಿಬಿರದಲ್ಲಿ ನಿಗಾ ವ್ಯವಸ್ಥೆ ಕಟ್ಟಲು ಹೊರಟವರು, ಯಾರನ್ನು ರೋಗಿಯೆಂದು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಮೊದಲು ಬರೆದಿಡಬೇಕು. ಇನ್‌ಫ್ಲುಯೆನ್ಸಾದಂತಹ (ಫ್ಲೂ ಜ್ವರದಂತಹ) ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ವ್ಯಾಖ್ಯೆಯಾದ 38 ಡಿಗ್ರಿ ಸೆಲ್ಸಿಯಸ್ ಇಲ್ಲವೇ ಅದಕ್ಕೂ ಹೆಚ್ಚಿನ ಜ್ವರ, ಕೆಮ್ಮು ಮತ್ತು ಹತ್ತು ದಿನಗಳೊಳಗಿನ ಆರಂಭ ಎಂಬುದನ್ನು ಹಾಗೆಯೇ ಬಳಸಬಹುದು. ನಡುವೆ ಬದಲಿಸಿದರೆ ಒಂದು ವಾರದ ಎಣಿಕೆಯನ್ನು ಇನ್ನೊಂದಕ್ಕೆ ಹೋಲಿಸಲಾಗದು. ಬ್ಯಾರಕ್ಕಿನ ಹಾಜರಿ ಪುಸ್ತಕದಲ್ಲಿ ಒಟ್ಟು ಎಷ್ಟು ಜನರಿದ್ದಾರೆಂಬುದು ಪ್ರತಿದಿನವೂ ಸಿಗುವುದರಿಂದ, ನೂರು ಮಂದಿಗೆ ಎಷ್ಟು ಜ್ವರವೆಂದು ಲೆಕ್ಕ ಹಾಕುವುದು ಇಲ್ಲಿ ಸುಲಭ. ಊರಿನ ಆಸ್ಪತ್ರೆಗೆ ಈ ಅನುಕೂಲವಿಲ್ಲ.

ಮೂಗು-ಗಂಟಲಿನ ದ್ರವವನ್ನು ಕಾಯಿಲೆಯ ಮೊದಲ ಮೂರು ದಿನಗಳಲ್ಲಿ ತೆಗೆದು, 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಬೇಕು.

ನಿಜವಾದ ಪರೀಕ್ಷೆ ಇರುವುದು ಇದರ ನಂತರ. ಇನ್‌ಫ್ಲುಯೆನ್ಸಾ 'ಎ' ಎಂದು ಖಚಿತವಾಗಿಯೂ ಉಪಬಗೆ (ಎಚ್‌1ಎನ್‌1ನಂತಹ ಒಳವಿಧ) ತಿಳಿಯದ ಮಾದರಿಯನ್ನು ಪರೀಕ್ಷಾ ಕಿಟ್ಟಿನ ದೋಷವೆಂದು ಬದಿಗಿಡದೆ, ಅಂದೇ ಮೇಲ್ಮಟ್ಟದ ಪ್ರಯೋಗಾಲಯಕ್ಕೆ ರವಾನಿಸಬೇಕು. 2009ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕೌಂಟಿಯ ಒಂಬತ್ತು ವರ್ಷದ ಬಾಲಕಿಗೆ ಜ್ವರ ಬಂತು. ಔಷಧಿ ಪಡೆದು ಅವಳು ಗುಣಮುಖಳಾದಳು. ಆದರೆ ಅವಳ ಮಾದರಿಯ ಉಪಬಗೆ ತಿಳಿಯದಿದ್ದುದರಿಂದ ಸ್ಯಾನ್ ಡಿಯೇಗೋದ ನೌಕಾಪಡೆಯ ಆರೋಗ್ಯ ಸಂಶೋಧನಾ ಕೇಂದ್ರವು ಅದನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಗೆ ಕಳುಹಿಸಿತು. ಏಪ್ರಿಲ್ 17ರಂದು ಅದು ಹಂದಿಜ್ವರದ ಎಚ್‌1ಎನ್‌1 ಎಂದು ತಿಳಿಯಿತು. ಪಕ್ಕದ ಸ್ಯಾನ್ ಡಿಯೇಗೋ ಕೌಂಟಿಯ ಹತ್ತು ವರ್ಷದ ಬಾಲಕನಲ್ಲೂ ಅದೇ ವೈರಸ್ ಕಂಡುಬಂದಿದ್ದು, ಇಬ್ಬರಿಗೂ ಹಂದಿಗಳ ಸಂಪರ್ಕವಿರಲಿಲ್ಲ.

ಶಿಬಿರದೊಳಗೆ ಕಂಡದ್ದೆಲ್ಲ ಹೊರಗೂ ಇದೆಯೆಂದು ಭಾವಿಸಬಾರದು. 1976ರಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್‌ನಲ್ಲಿ ಸುಮಾರು 230 ಸೈನಿಕರಿಗೆ ಹಂದಿಜ್ವರ ತಗುಲಿ ಒಬ್ಬರು ಸತ್ತರು. ಸೋಂಕು ಶಿಬಿರವನ್ನು ದಾಟಲಿಲ್ಲ. ಆದರೂ ನಾಲ್ಕು ಕೋಟಿಗೂ ಹೆಚ್ಚು ಅಮೆರಿಕನ್ನರಿಗೆ ಲಸಿಕೆ ಹಾಕಲಾಯಿತು. ಗಿಲಾನ್-ಬಾರೆ ನರರೋಗದ ಪ್ರಕರಣಗಳು ಕಾಣಿಸಿಕೊಂಡು ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಸುತ್ತಲಿನ ಊರುಗಳ ಎಣಿಕೆ ಕೈಗೆ ಬರುವ ಮೊದಲು ದೇಶವ್ಯಾಪಿ ಕ್ರಮವನ್ನು ಶಿಫಾರಸು ಮಾಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಪ್ರಯೋಗಾಲಯ ಪರದೇಶದಲ್ಲಿದ್ದರೆ ಇನ್ನೊಂದು ಕೆಲಸವುಂಟು. ಜಕಾರ್ತಾದಲ್ಲಿ ದಶಕಗಳ ಕಾಲ ನಡೆದ ಅಮೆರಿಕ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಘಟಕವು, ವೈರಸ್ ಮಾದರಿಗಳ ಮೇಲಿನ ಹಕ್ಕಿನ ಬಗ್ಗೆ ಇಂಡೋನೇಷ್ಯಾದಲ್ಲಿ ವಿವಾದವೆದ್ದ ಕಾಲದಲ್ಲಿ, 2010ರಲ್ಲಿ ಮುಚ್ಚಿತು. ಮಾದರಿ ಯಾರದು, ಫಲಿತಾಂಶ ಮೊದಲು ಯಾರಿಗೆ, ಅದರಿಂದ ತಯಾರಾಗುವ ಲಸಿಕೆಯಲ್ಲಿ ಆತಿಥೇಯ ದೇಶದ ಪಾಲೆಷ್ಟು ಎಂಬುದಕ್ಕೆ ಮೊದಲ ಸ್ವಾಬ್ ತೆಗೆಯುವ ಮುನ್ನವೇ ಸಹಿ ಬೀಳಬೇಕು.