ವಿಶೇಷ ಅಂಚೆ ಚೀಟಿ ಆಲ್ಬಮ್ಮಿಗೆ ಮಾತ್ರ ಅಲ್ಲ, ಪತ್ರಕ್ಕೂ ಅಂಟಿಸಿ

ಯಾರದ್ದೋ ಜನ್ಮಶತಮಾನೋತ್ಸವಕ್ಕೆ ಬಂದ ಚಂದದ ಸ್ಟ್ಯಾಂಪ್ ಸಿಕ್ಕಿದರೆ ಬಹಳ ಜನ ಪುಸ್ತಕದೊಳಗೆ ಇಟ್ಟು ಮರೆತೇಬಿಡುತ್ತಾರೆ. ಅದನ್ನು ಪತ್ರಕ್ಕೆ ಅಂಟಿಸಬಹುದಾ ಅಂದರೆ, ಧಾರಾಳವಾಗಿ ಅಂಟಿಸಬಹುದು. ಮೇಲೆ 5 ರೂ. ಅಂತ ಇದ್ದರೆ ಅದು ಐದು ರೂಪಾಯಿಯ ಅಂಚೆ ವೆಚ್ಚವೇ, ಚಿತ್ರ ಯಾರದ್ದೇ ಇರಲಿ. ದಿನಬಳಕೆಯ ಸ್ಟ್ಯಾಂಪನ್ನು ಖಾಲಿಯಾದಂತೆಲ್ಲ ಮತ್ತೆ ಅಚ್ಚು ಹಾಕುತ್ತಾರೆ, ವಿಶೇಷದ್ದು ಸಾಮಾನ್ಯವಾಗಿ ಒಂದು ಸಲ ಅಚ್ಚಾದರೆ ಮುಗಿಯಿತು. ವ್ಯತ್ಯಾಸ ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ದೇಶದೊಳಗಿನ ಸಾಮಾನ್ಯ ಪತ್ರಕ್ಕೆ ಮೊದಲ 20 ಗ್ರಾಂಗೆ 5 ರೂ., ಆಮೇಲೆ ಪ್ರತಿ 20 ಗ್ರಾಂಗೆ ಇನ್ನೊಂದು 5. ಇಪ್ಪತ್ತನ್ನು ಒಂದೇ ಒಂದು ಗ್ರಾಂ ದಾಟಿದರೂ ಪೂರ್ತಿ 5 ಸೇರಿಸಬೇಕು. ಮನೆಯಲ್ಲಿ ತಕ್ಕಡಿ ಇಲ್ವಾ? 80 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ) ಒಂದು ಎ4 ಹಾಳೆ ಹೆಚ್ಚುಕಮ್ಮಿ 5 ಗ್ರಾಂ ತೂಗುತ್ತದೆ. ಎರಡು ಹಾಳೆ ಮತ್ತು ತೆಳ್ಳನೆಯ ಕವರಾದರೆ ನಿಶ್ಚಿಂತೆ. ನಾಲ್ಕು ಹಾಳೆಗೇ 20 ಗ್ರಾಂ ಆಗಿಬಿಡುತ್ತದೆ, ಅದರ ಮೇಲೆ ಕವರಿನ ತೂಕ ಬೇರೆ, ಹಾಗಾಗಿ ಸುಮ್ನೆ 10 ರೂ. ಅಂಟಿಸಿಬಿಡಿ. ಕಮ್ಮಿ ಅಂಟಿಸಿದರೆ ಕೊರತೆಯ ಎರಡು ಪಟ್ಟು ದುಡ್ಡನ್ನು ಪತ್ರ ಪಡೆದವರ ಹತ್ತಿರ ಕೇಳುತ್ತಾರೆ. ಪ್ರೀತಿಯಿಂದ ಬರೆದ ಪತ್ರಕ್ಕೆ ದಂಡ ಕಟ್ಟಿಸೋದು ಚೆನ್ನಾಗಿರಲ್ಲ, ಅಲ್ವಾ? ಅನುಮಾನ ಇದ್ದರೆ ಕೌಂಟರಿನಲ್ಲೇ ತೂಗಿಸಿ.

ಒಂದೇ ಸ್ಟ್ಯಾಂಪಿನಲ್ಲಿ ಮೊತ್ತ ತುಂಬಬೇಕು ಅಂತೇನಿಲ್ಲ. ಬೇರೆ ಬೇರೆ ಬೆಲೆಯವನ್ನು ಕವರಿನ ಬಲಗಡೆ ಮೇಲ್ಮೂಲೆಯಿಂದ ಸಾಲಾಗಿ ಅಂಟಿಸಿ, ಒಂದರ ಮೇಲೊಂದು ಬರದಂತೆ ನೋಡಿಕೊಳ್ಳಿ. ಜಾಸ್ತಿ ಅಂಟಿಸಿದರೆ ಚಿಲ್ಲರೆ ವಾಪಸ್ ಬರಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ ಸ್ಟ್ಯಾಂಪಿನ ಮುಖಬೆಲೆ 100 ರೂ. ಅದನ್ನು 5 ರೂಪಾಯಿ ಪತ್ರಕ್ಕೆ ಅಂಟಿಸಿದರೆ 95 ರೂಪಾಯಿ ಗಾಳಿಗೆ ಹೋದಂತೆ. ಇನ್ನು, ರಸೀದಿಗೆ ಹಚ್ಚುವ ರೆವೆನ್ಯೂ ಸ್ಟ್ಯಾಂಪ್ ಇಲ್ಲಿ ನಡೆಯಲ್ಲ. ಸೀಲು ಬಿದ್ದ ಸ್ಟ್ಯಾಂಪನ್ನು ಕಿತ್ತು ಮತ್ತೆ ಬಳಸುವುದು ಅಪರಾಧ.

ಹಳೇ ಸ್ಟ್ಯಾಂಪಿನ ಬೆಲೆ ನೋಡುವುದೂ ಒಂದು ಮಜಾ. ಸರ್ ಎಂ. ವಿಶ್ವೇಶ್ವರಯ್ಯನವರ ಸ್ಟ್ಯಾಂಪ್ 1960ರ ಸೆಪ್ಟೆಂಬರ್ 15ರಂದು ಬಂತು, ಅವರು ಬದುಕಿರುವಾಗಲೇ. ಅದರ ಬೆಲೆ 15 ನಯೇ ಪೈಸೆ (ಆಗ ಪೈಸೆಯನ್ನು ಹಾಗೆ ಕರೆಯುತ್ತಿದ್ದರು). ಆಗ ಒಂದು ಪತ್ರಕ್ಕೆ ಬೇಕಾಗುತ್ತಿದ್ದದ್ದೂ ಅಷ್ಟೇ. ಈಗ ಬರುವ ಬಹುಪಾಲು ವಿಶೇಷ ಚೀಟಿಗಳು 5 ರೂಪಾಯಿಯವಾಗಿರುವುದಕ್ಕೂ ಕಾರಣ ಇದೇ.

ಕೊಳ್ಳೋದಾದರೆ ಊರಿನ ಸಣ್ಣ ಪೋಸ್ಟಾಫೀಸಿನಲ್ಲಿ ಸಿಗುವುದು ಅಪರೂಪ. ಬೆಂಗಳೂರಿನ ಜಿಪಿಒದಲ್ಲಿರುವ (ಪ್ರಧಾನ ಅಂಚೆ ಕಚೇರಿ) ಫಿಲಾಟೆಲಿ ಬ್ಯೂರೋಗೆ, ಅಂದರೆ ಸ್ಟ್ಯಾಂಪ್ ಸಂಗ್ರಹಿಸುವವರಿಗಾಗಿ ಇರುವ ವಿಭಾಗಕ್ಕೆ ಹೋಗಿ. ಅಲ್ಲಿ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ, ಬೆಲೆ ಖಾತೆಯಿಂದ ಕಡಿತವಾಗುತ್ತದೆ. ಮುಂದೆ ಬೆಲೆ ಏರುತ್ತದೆ ಅಂತ ಹಾಳೆಗಟ್ಟಲೆ ಕೊಂಡಿಡುವವರಿಗೆ ನನ್ನ ಸಲಹೆ, ಬೇಡ. ಈಗಿನವು ಲಕ್ಷಗಟ್ಟಲೆ ಅಚ್ಚಾಗುತ್ತವೆ. ಎರಡು ಕೊಳ್ಳಿ, ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಅಂಟಿಸಿ ಯಾರಿಗಾದರೂ ಪತ್ರ ಹಾಕಿ. ಪತ್ರ ಕೊಡುವಾಗ ಸೀಲನ್ನು ಸ್ಟ್ಯಾಂಪಿನ ಚಿತ್ರದ ಮೇಲೆ ಬಡಿಯದೆ ಮೂಲೆಗೆ ಸ್ಪಷ್ಟವಾಗಿ ಒತ್ತಿ ಅಂತ ಕೌಂಟರಿನಲ್ಲಿ ಕೇಳಿಕೊಳ್ಳಿ. ಪುರುಸೊತ್ತಿದ್ದರೆ ಒತ್ತಿಕೊಡುತ್ತಾರೆ.