25 ಕಿಲೋ ಚಿಪ್ಪಿಗೆ ಸುಣ್ಣ ಎಷ್ಟು?

ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಮಾಡುತ್ತಾರೆ. ಗೂಡಿಗೆ 25 ಕಿಲೋ ಚಿಪ್ಪು ಹಾಕಿದರೆ ಸುಣ್ಣ ಎಷ್ಟು ಸಿಗುತ್ತದೆ? ಬೆಂಕಿ ಹಚ್ಚುವ ಮೊದಲೇ ಹೇಳಬಹುದು.

ಮೊದಲು ಸಮೀಕರಣ ಬರೆಯಿರಿ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಚೆನ್ನಾಗಿ ಕಾದರೆ ಅದು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ (CaCO₃) → ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ (CaO) + ಕಾರ್ಬನ್ ಡೈಆಕ್ಸೈಡ್ (CO₂)

ಎರಡೂ ಕಡೆ ಕ್ಯಾಲ್ಸಿಯಂ 1, ಕಾರ್ಬನ್ 1, ಆಕ್ಸಿಜನ್ 3. ಸರಿದೂಗಿದೆ. ಅಂದರೆ ಒಂದು ಮೋಲ್ ಕಾರ್ಬೊನೇಟಿಗೆ ಒಂದು ಮೋಲ್ ಸುಣ್ಣ. (ಡಜನ್ ಎಂದರೆ ಹನ್ನೆರಡು ಇದ್ದಂತೆ, ಮೋಲ್ ಎಂದರೆ ಕಣಗಳ ಒಂದು ನಿಗದಿತ, ಭಾರಿ ದೊಡ್ಡ ಎಣಿಕೆ.)

ಹಾಗಾದರೆ 25 ಕಿಲೋಗೆ 25 ಕಿಲೋ ಅಲ್ವಾ? ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ನೂರು ವೀಳ್ಯದೆಲೆ, ನೂರು ಅಡಿಕೆ ತಕ್ಕಡಿಗೆ ಹಾಕಿ ನೋಡಿ. ಎಣಿಕೆ ಒಂದೇ, ತೂಕ ಬೇರೆ. ಮೋಲ್ ಕೂಡ ಎಣಿಕೆಯೇ. ಆದ್ದರಿಂದ ತೂಕವನ್ನು ಮೋಲ್ ಮಾಡಿಕೊಂಡು, ಆಮೇಲೆ ಮತ್ತೆ ತೂಕಕ್ಕೆ ಬರಬೇಕು.

ಪರಮಾಣು ತೂಕ ಹೀಗಿದೆ: ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16. ಒಂದು ಮೋಲ್ ಕಾರ್ಬೊನೇಟ್ 40 + 12 + 48 = 100 ಗ್ರಾಂ. ಒಂದು ಮೋಲ್ ಸುಟ್ಟ ಸುಣ್ಣ 40 + 16 = 56 ಗ್ರಾಂ.

25,000 ÷ 100 = 250 ಮೋಲ್
250 × 56 = 14,000 ಗ್ರಾಂ

ಸುಣ್ಣ 14 ಕಿಲೋ. ಉಳಿದ 11 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು. ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ 12 + 32 = 44 ಗ್ರಾಂ; ಬೇಕಿದ್ದರೆ 250ನ್ನು 44ರಿಂದ ಗುಣಿಸಿ ನೋಡಿ.

ಇದು ಕಾಗದದ ಲೆಕ್ಕ. ಚಿಪ್ಪಿನ ಜೊತೆ ಮರಳು ಇರುತ್ತದೆ, ತೇವ ಇರುತ್ತದೆ, ನಡುವಿನದು ಅರೆಬರೆ ಸುಟ್ಟಿರುತ್ತದೆ. ಒಳ್ಳೆಯ ಸುಣ್ಣ 12.6 ಕಿಲೋ ಮಾತ್ರ ಸಿಕ್ಕಿತು ಎನ್ನಿ. 12.6 ÷ 14 × 100, ಅಂದರೆ ಇಳುವರಿ ಶೇ 90.

ಸುಣ್ಣ ಅರಳಿಸುವ ನೀರಿನ ಲೆಕ್ಕವೂ ಇದೇ ದಾರಿ. ಇಲ್ಲೂ ಒಂದು ಮೋಲ್ ಸುಣ್ಣಕ್ಕೆ ಒಂದು ಮೋಲ್ ನೀರು (18 ಗ್ರಾಂ) ಸೇರುತ್ತದೆ. 250 ಮೋಲ್ ಸುಣ್ಣಕ್ಕೆ 250 ಮೋಲ್ ನೀರು, ಅಂದರೆ ನಾಲ್ಕೂವರೆ ಕಿಲೋ. ನಿಜಕ್ಕೂ ಜಾಸ್ತಿಯೇ ಬೇಕು, ಕುದಿದು ಆವಿಯಾಗಿ ಹೋಗುತ್ತದಲ್ಲ.

ಎಲ್ಲ ಕಡೆ ಒಂದಕ್ಕೆ ಒಂದು ಇರುವುದಿಲ್ಲ. ಅಡುಗೆ ಗ್ಯಾಸಿನಲ್ಲಿರುವ ಪ್ರೊಪೇನ್ ನೋಡಿ. ಪೂರ್ತಿ ಉರಿದರೆ 1 ಮೋಲಿಗೆ 3 ಮೋಲ್ ಕಾರ್ಬನ್ ಡೈಆಕ್ಸೈಡ್. ಎರಡರ ಮೋಲ್ ತೂಕವೂ 44 ಗ್ರಾಂ. ಹೀಗಾಗಿ 1 ಕಿಲೋ ಪ್ರೊಪೇನ್ ಉರಿಸಿದರೆ 3 ಕಿಲೋ ಕಾರ್ಬನ್ ಡೈಆಕ್ಸೈಡ್! ಹೆಚ್ಚಾದ ತೂಕ ಗಾಳಿಯಿಂದ ಬಂದ ಆಕ್ಸಿಜನ್ನಿನದು.